ದಾಸ್ಯವಿಮೋಚನೆಯಲ್ಲಿ ಕ್ವೇಕರ್ ಮಹಿಳೆಯರು

1833ನೆಯ ಇಸವಿ ಡಿಸೆಂಬರ್ 9ರಂದು ಅಮೆರಿಕದ ಫಿಲಡೆಲ್ಫಿಯಾ ನಗರದ ಒಂದು ಶಾಲಾಕೊಠಡಿಯಲ್ಲಿ ಕೆಲವು ಮಹಿಳೆಯರು ಸಭೆ ಸೇರಿದರು. ಗುಲಾಮಗಿರಿಯ ನಿರ್ಮೂಲನಕ್ಕಾಗಿ ಮಹಿಳೆಯರದೇ ಆದ ಒಂದು ಸಂಘವನ್ನು ಸ್ಥಾಪಿಸುವುದು ಅವರ ಉದ್ದೇಶವಾಗಿತ್ತು. ಬಂದವರಲ್ಲಿ ಅನೇಕರು ಕ್ವೇಕರ್ ಪಂಥಕ್ಕೆ ಸೇರಿದವರು; ಆಫ್ರಿಕನ್ ಮೂಲದ ಸ್ವತಂತ್ರ ಕುಟುಂಬಗಳ ಸ್ತ್ರೀಯರೂ ಅವರೊಡನೆ ಇದ್ದರು. ಉತ್ಸಾಹಕ್ಕೆ ಕೊರತೆಯಿರಲಿಲ್ಲ. ಆದರೆ ಆರಂಭದಲ್ಲಿಯೇ ಒಂದು ತೊಡಕು ಎದುರಾಯಿತು. ಸಭೆಯ ಅಧ್ಯಕ್ಷತೆ ವಹಿಸಲು ಅಲ್ಲಿದ್ದ ಒಬ್ಬ ಮಹಿಳೆಯೂ ಮುಂದೆ ಬರಲಿಲ್ಲ. ಠರಾವು ಮಂಡಿಸುವ ಕ್ರಮವಾಗಲಿ ಮತ ಎಣಿಸುವ ಪದ್ಧತಿಯಾಗಲಿ ಅವರಿಗೆ ರೂಢಿಯಿರಲಿಲ್ಲ. ಕೊನೆಗೆ ಜೇಮ್ಸ್ ಮೆಕ್ರಮೆಲ್ ಎಂಬ ಕಪ್ಪುವರ್ಣದ ದಂತವೈದ್ಯರೊಬ್ಬರನ್ನು ಕರೆದು ಅಧ್ಯಕ್ಷಪೀಠದಲ್ಲಿ ಕೂರಿಸಬೇಕಾಯಿತು. ಆ ಸಭೆಯ ಪ್ರಮುಖರಾಗಿದ್ದ ಲುಕ್ರೀಷಿಯಾ ಮಾಟ್ ಅವರು ಬಹಳ ವರ್ಷಗಳ ಮೇಲೆ ಈ ಪ್ರಸಂಗವನ್ನು ನೆನೆದರು. ಕಾನೂನಿನ ಕಾಗದಪತ್ರಗಳು ಸ್ತ್ರೀಯರನ್ನೂ ಕಪ್ಪುಜನರನ್ನೂ ಒಂದೇ ವರ್ಗದಲ್ಲಿ ಇರಿಸಿದ್ದುದರಿಂದ, ತಮ್ಮ ವರ್ಗದವರೊಬ್ಬರೇ ನೆರವಿಗೆ ಬಂದಂತಾಯಿತೆಂದು ಅವರು ವಿನೋದವಾಗಿ ಹೇಳಿದ್ದುಂಟು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕ್ವೇಕರ್ ಪಂಥದಲ್ಲಿ ಸ್ತ್ರೀಯರಿಗೆ ಧರ್ಮಸಭೆಯಲ್ಲಿ ಎದ್ದುನಿಂತು ಉಪದೇಶ ಮಾಡುವ ಅಧಿಕಾರ ಅದಕ್ಕೆ ನೂರೆಂಬತ್ತು ವರ್ಷಗಳ ಹಿಂದಿನಿಂದಲೂ ಇತ್ತು. ಲುಕ್ರೀಷಿಯಾ ಮಾಟ್ ಅವರೇ 1821ರಿಂದ ಮಾನ್ಯತೆ ಪಡೆದ ಉಪದೇಶಕಿಯಾಗಿದ್ದರು. ದೇವರ ಸನ್ನಿಧಿಯಲ್ಲಿ ನಿರ್ಭಯವಾಗಿ ಮಾತನಾಡಬಲ್ಲವರು ಒಂದು ಸಣ್ಣ ಸಂಘದ ಪೀಠದಲ್ಲಿ ಕುಳಿತುಕೊಳ್ಳಲು ಹಿಂಜರಿದುದೇಕೆ? ಮಾತನಾಡುವ ಅಧಿಕಾರ ಬೇರೆ, ನಿರ್ಣಯಿಸುವ ಅಧಿಕಾರ ಬೇರೆ ಎಂಬುದೇ ಇದಕ್ಕೆ ಉತ್ತರ. ಮೊದಲನೆಯದನ್ನು ಸಮಾಜವು ಅವರಿಗೆ ಕೊಟ್ಟಿತ್ತು. ಎರಡನೆಯದನ್ನು ಅವರು ತಾವೇ ಗಳಿಸಿಕೊಳ್ಳಬೇಕಾಯಿತು. ಪರರ ಬಂಧನವನ್ನು ಬಿಡಿಸಲು ಹೊರಟ ದಾರಿಯಲ್ಲಿಯೇ ತಮ್ಮ ಬಂಧನವನ್ನೂ ಕಂಡುಕೊಂಡ ಈ ಮಹಿಳೆಯರ ಇತಿಹಾಸವು ಯಾವುದೇ ಧರ್ಮಸಮಾಜವು ಅರಿಯತಕ್ಕದ್ದಾಗಿದೆ.

ಪಂಥವೂ ಅದರ ತತ್ತ್ವವೂ

ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ (1624–1691) ಎಂಬವರ ಉಪದೇಶದಿಂದ ‘ಮಿತ್ರರ ಸಮಾಜ’ ಎಂಬ ಹೆಸರಿನ ಪಂಥ ಹುಟ್ಟಿತು. ಇದರ ಅನುಯಾಯಿಗಳೇ ಕ್ವೇಕರರು. ಪ್ರತಿಯೊಬ್ಬ ಮನುಷ್ಯನ ಅಂತರಂಗದಲ್ಲಿಯೂ ದೈವೀಜ್ಯೋತಿಯೊಂದು ಬೆಳಗುತ್ತಿದೆ, ಅದನ್ನು ಕಾಣಲು ಪುರೋಹಿತನ ಮಧ್ಯಸ್ಥಿಕೆ ಬೇಕಿಲ್ಲ ಎಂಬುದು ಅವರ ಮೂಲತತ್ತ್ವ. ಅವರು ಮೌನವಾಗಿ ಕುಳಿತು ಉಪಾಸನೆ ಮಾಡುತ್ತಿದ್ದರು. ಪ್ರೇರಣೆಯಾದವರು ಎದ್ದು ಮಾತನಾಡುತ್ತಿದ್ದರು. ಯುದ್ಧದಲ್ಲಿ ಭಾಗವಹಿಸುತ್ತಿರಲಿಲ್ಲ, ಆಣೆಯಿಡುತ್ತಿರಲಿಲ್ಲ, ಉಡುಗೆತೊಡುಗೆಗಳಲ್ಲಿ ಸರಳತೆಯನ್ನು ಪಾಲಿಸುತ್ತಿದ್ದರು. ವ್ಯಾಪಾರದಲ್ಲಿ ಒಂದೇ ಬೆಲೆ ಹೇಳುವ ಪ್ರಾಮಾಣಿಕತೆಯಿಂದ ಅವರಲ್ಲಿ ಅನೇಕರು ಒಳ್ಳೆಯ ವರ್ತಕರೆಂದು ಹೆಸರು ಪಡೆದರು.

ಅಂತರ್ಜ್ಯೋತಿಗೆ ಸ್ತ್ರೀಪುರುಷ ಭೇದವಿಲ್ಲವೆಂದ ಮೇಲೆ ಸ್ತ್ರೀಯರ ಉಪದೇಶವನ್ನು ತಡೆಯಲು ಆಧಾರವಿರಲಿಲ್ಲ. ಮಾರ್ಗರೆಟ್ ಫೆಲ್ (1614–1702) ಅವರು ತಮ್ಮ ನಂಬಿಕೆಗಾಗಿ ಲ್ಯಾಂಕಾಸ್ಟರ್ ಸೆರೆಮನೆಯಲ್ಲಿದ್ದಾಗ, ಸ್ತ್ರೀಯರು ಧರ್ಮಸಭೆಯಲ್ಲಿ ಮಾತನಾಡುವುದು ಶಾಸ್ತ್ರಸಮ್ಮತವೆಂದು ಸಮರ್ಥಿಸುವ ಗ್ರಂಥವೊಂದನ್ನು ಬರೆದರು. ಅದು 1666ರಲ್ಲಿ ಪ್ರಕಟವಾಯಿತು. ಆದರೂ ಸಮಾಜದ ಆಡಳಿತದಲ್ಲಿ ಸ್ತ್ರೀಯರ ಸಭೆ, ಪುರುಷರ ಸಭೆ ಎಂದು ಎರಡು ವ್ಯವಸ್ಥೆಗಳಿದ್ದವು. ಬಡವರ ಪೋಷಣೆ, ವಿವಾಹಕ್ಕೆ ಮುನ್ನ ನಡೆಸುವ ವಿಚಾರಣೆ ಮೊದಲಾದ ಕಾರ್ಯಗಳನ್ನು ಸ್ತ್ರೀಯರ ಸಭೆ ನೋಡಿಕೊಳ್ಳುತ್ತಿತ್ತು. ಸಮಾಜದ ನಿಯಮಗಳನ್ನು ರೂಪಿಸುವುದು, ಆಸ್ತಿಪಾಸ್ತಿಗಳ ನಿರ್ವಹಣೆ ಮೊದಲಾದವುಗಳಲ್ಲಿ ಪುರುಷರ ಸಭೆಯ ಮಾತೇ ಕೊನೆಯ ಮಾತಾಗಿತ್ತು. ಈ ವ್ಯವಸ್ಥೆಯ ಒಳಗೇ ಸ್ತ್ರೀಯರು ಲೆಕ್ಕಪತ್ರ ಇಡುವುದನ್ನೂ ವರದಿ ಬರೆಯುವುದನ್ನೂ ಕಲಿತರೆಂಬುದು ಮುಂದಿನ ಕಥೆಗೆ ಮುಖ್ಯವಾದ ಅಂಶ.

ಕ್ರಯಪತ್ರ ಬರೆದ ಕೈ

ಕ್ವೇಕರರು ಮೊದಲಿನಿಂದಲೂ ಗುಲಾಮಗಿರಿಯ ವಿರೋಧಿಗಳಾಗಿದ್ದರೆಂದು ಭಾವಿಸುವುದು ಸರಿಯಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ ನೆಲೆಸಿದ ಅನೇಕ ಕ್ವೇಕರ್ ವರ್ತಕರೂ ಜಮೀನುದಾರರೂ ಆಫ್ರಿಕನ್ ಗುಲಾಮರನ್ನು ಇಟ್ಟುಕೊಂಡಿದ್ದರು. 1688ರಲ್ಲಿ ಜರ್ಮನ್‌ಟೌನ್ ಎಂಬ ಊರಿನ ನಾಲ್ವರು ಇದನ್ನು ಖಂಡಿಸಿ ಬರೆದ ಮನವಿಯನ್ನು ಮೇಲಿನ ಸಭೆಗಳು ಒಂದರಿಂದೊಂದಕ್ಕೆ ಕಳುಹಿಸಿ, ಕೊನೆಗೆ ನಿರ್ಣಯ ಕೈಗೊಳ್ಳದೆ ಬಿಟ್ಟವು. ಸ್ವಂತ ಲಾಭಕ್ಕೆ ಧಕ್ಕೆ ತರುವ ಸತ್ಯವನ್ನು ಮುಂದೂಡುವ ಈ ಉಪಾಯ ಎಲ್ಲ ಕಾಲದ ಸಂಸ್ಥೆಗಳಿಗೂ ಪರಿಚಿತವಾದದ್ದೇ.

ಸುಮಾರು 1742ರಲ್ಲಿ ನ್ಯೂಜೆರ್ಸಿ ಪ್ರಾಂತದ ಮೌಂಟ್ ಹಾಲಿ ಎಂಬ ಊರಿನ ಅಂಗಡಿಯಲ್ಲಿ ಕೆಲಸಕ್ಕಿದ್ದ ಜಾನ್ ವುಲ್‌ಮನ್ (1720–1772) ಎಂಬ ತರುಣನಿಗೆ ಯಜಮಾನನು ಒಬ್ಬ ಗುಲಾಮ ಸ್ತ್ರೀಯ ಕ್ರಯಪತ್ರವನ್ನು ಬರೆಯಲು ಹೇಳಿದನು. ಕೊಳ್ಳುವವನು ವೃದ್ಧನಾದ ಒಬ್ಬ ಕ್ವೇಕರ್. ವುಲ್‌ಮನ್ ಪತ್ರವನ್ನು ಬರೆದುಕೊಟ್ಟನಾದರೂ, ಇದು ಧರ್ಮಕ್ಕೆ ವಿರುದ್ಧವೆಂದು ಇಬ್ಬರಿಗೂ ಅಲ್ಲಿಯೇ ತಿಳಿಸಿದನು. ಬರೆದ ಪಶ್ಚಾತ್ತಾಪ ಜೀವನಪರ್ಯಂತ ಅವನನ್ನು ಬಿಡಲಿಲ್ಲ. ಮುಂದೆ ಸ್ವಂತ ಅಂಗಡಿಯಿಟ್ಟಾಗ ವ್ಯಾಪಾರ ಮಿತಿಮೀರಿ ಬೆಳೆಯಿತೆಂದು ಅದನ್ನು ತಾನಾಗಿ ಬಿಟ್ಟು, ದರ್ಜಿಯ ಕೆಲಸದಿಂದ ಜೀವಿಸಿದನು. ಊರೂರು ಸುತ್ತಿ ಗುಲಾಮರ ಒಡೆಯರ ಮನೆಗಳಲ್ಲಿ ಕುಳಿತು ಸೌಮ್ಯವಾಗಿ ವಾದಿಸಿದನು. ಅಲ್ಲಿ ತನ್ನ ಸೇವೆ ಮಾಡಿದ ಗುಲಾಮರಿಗೆ ಕೂಲಿ ಕೊಟ್ಟುಬಂದನು. ಇಂಥವರ ಪ್ರಯತ್ನದಿಂದ ಫಿಲಡೆಲ್ಫಿಯಾದ ವಾರ್ಷಿಕ ಸಭೆಯು 1758ರಲ್ಲಿ ಗುಲಾಮರನ್ನು ಕೊಳ್ಳುವ ಮಾರುವ ಸದಸ್ಯರ ಮೇಲೆ ಶಿಸ್ತಿನ ಕ್ರಮ ಕೈಗೊಂಡು, 1776ರಲ್ಲಿ ಗುಲಾಮರನ್ನು ಹೊಂದಿರುವುದನ್ನೇ ನಿಷೇಧಿಸಿತು. ಮೊದಲ ಮನವಿಯಿಂದ ನಿಷೇಧದವರೆಗೆ ಎಂಬತ್ತೆಂಟು ವರ್ಷಗಳು ಬೇಕಾದವು.

ಸಕ್ಕರೆಯ ಡಬ್ಬಿ

ಇಂಗ್ಲೆಂಡಿನಲ್ಲಿ 1787ರಲ್ಲಿ ಗುಲಾಮ ವ್ಯಾಪಾರದ ನಿಷೇಧಕ್ಕಾಗಿ ಸಮಿತಿಯೊಂದು ರಚಿತವಾದಾಗ ಅದರ ಹನ್ನೆರಡು ಸದಸ್ಯರಲ್ಲಿ ಒಂಬತ್ತು ಮಂದಿ ಕ್ವೇಕರರಾಗಿದ್ದರು. ಹನ್ನೆರಡು ಮಂದಿಯೂ ಪುರುಷರೇ. 1807ರಲ್ಲಿ ಗುಲಾಮರ ವ್ಯಾಪಾರಕ್ಕೆ ನಿಷೇಧ ಬಂದರೂ ವೆಸ್ಟ್ ಇಂಡೀಸ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ಗುಲಾಮಗಿರಿ ಹಾಗೆಯೇ ಮುಂದುವರಿಯಿತು. 1823ರಲ್ಲಿ ಸ್ಥಾಪನೆಯಾದ ಹೊಸ ಸಂಘವು ತನ್ನ ಹೆಸರಿನಲ್ಲಿಯೇ ‘ಕ್ರಮೇಣ ನಿರ್ಮೂಲನ’ ಎಂಬ ಮಾತನ್ನು ಸೇರಿಸಿಕೊಂಡಿತ್ತು.

ಈ ‘ಕ್ರಮೇಣ’ ಎಂಬ ಪದವನ್ನು ಪ್ರಶ್ನಿಸಿದವರು ಲೆಸ್ಟರ್ ನಗರದ ಎಲಿಜಬೆತ್ ಹೇರಿಕ್ (1769–1831). ಎಳೆಯ ವಯಸ್ಸಿನಲ್ಲಿ ವಿಧವೆಯಾದ ಬಳಿಕ ಅವರು ಕ್ವೇಕರ್ ಪಂಥವನ್ನು ಸೇರಿದರು. ಅವರ ಕರುಣೆ ಮನುಷ್ಯರಿಗಷ್ಟೇ ಸೀಮಿತವಾಗಿರಲಿಲ್ಲ. ಹೋರಿಯನ್ನು ಗೂಟಕ್ಕೆ ಕಟ್ಟಿ ಅದರ ಮೇಲೆ ನಾಯಿಗಳನ್ನು ಬಿಟ್ಟು ನೋಡುವ ಕ್ರೂರ ವಿನೋದ ಆಗ ಇಂಗ್ಲೆಂಡಿನಲ್ಲಿ ರೂಢಿಯಲ್ಲಿತ್ತು. ಅದನ್ನು ಖಂಡಿಸಿ ಬರೆದುದಲ್ಲದೆ, ಒಮ್ಮೆ ಅದಕ್ಕಾಗಿ ತಂದ ಹೋರಿಯನ್ನೇ ಹಣ ಕೊಟ್ಟು ಕೊಂಡು ಅದರ ಪ್ರಾಣವನ್ನು ಅವರು ಉಳಿಸಿದರು. 1824ರಲ್ಲಿ ತಮ್ಮ ಹೆಸರು ಹಾಕದೆ ಪ್ರಕಟಿಸಿದ ಕಿರುಹೊತ್ತಗೆಯಲ್ಲಿ, ಗುಲಾಮಗಿರಿಯು ಪಾಪವಾಗಿದ್ದರೆ ಅದನ್ನು ಕ್ರಮೇಣ ಬಿಡುವುದು ಎಂಬುದಕ್ಕೆ ಅರ್ಥವಿಲ್ಲ, ತತ್‌ಕ್ಷಣವೇ ಬಿಡಬೇಕು ಎಂದು ಅವರು ವಾದಿಸಿದರು. ಅಷ್ಟೇ ಅಲ್ಲ, ಅಪರಾಧ ತೋಟದ ಒಡೆಯನದು ಮಾತ್ರವಲ್ಲ, ಅವನ ಸಕ್ಕರೆಯನ್ನು ಕೊಳ್ಳುವವರೂ ಪಾಲುದಾರರೇ ಎಂದು ತೋರಿಸಿಕೊಟ್ಟರು. ಸಕ್ಕರೆಯ ಡಬ್ಬಿ ಗೃಹಿಣಿಯ ಅಧೀನದಲ್ಲಿತ್ತು. ಪಾರ್ಲಿಮೆಂಟಿನಲ್ಲಿ ಮತವಿಲ್ಲದ ಸ್ತ್ರೀಗೆ ಪೇಟೆಯಲ್ಲಿ ಒಂದು ಬಗೆಯ ಮತವಿದೆಯೆಂಬುದನ್ನು ಅವರು ಕಂಡುಕೊಂಡರು. ಲೆಸ್ಟರಿನ ಮನೆಮನೆಗೂ ಹೋಗಿ ಆ ಸಕ್ಕರೆಯನ್ನು ತ್ಯಜಿಸುವಂತೆ ಕೇಳಿಕೊಂಡರು.

1825ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಮಹಿಳೆಯರ ಮೊದಲ ಗುಲಾಮಗಿರಿ ವಿರೋಧಿ ಸಂಘ ಸ್ಥಾಪನೆಯಾಯಿತು. ಪಾದ್ರಿಯೊಬ್ಬರ ಪತ್ನಿ ಲೂಸಿ ಟೌನ್‌ಸೆಂಡ್ ಹಾಗೂ ಕ್ವೇಕರ್ ಮಹಿಳೆ ಮೇರಿ ಲಾಯ್ಡ್ ಅದರ ಕಾರ್ಯದರ್ಶಿಗಳಾಗಿದ್ದರು. ಅವರು ಚೀಲಗಳನ್ನು ಹೊಲಿದು, ಅವುಗಳಲ್ಲಿ ಪ್ರಚಾರದ ಪತ್ರಗಳನ್ನು ತುಂಬಿ ಮನೆಮನೆಗೆ ತಲುಪಿಸಿದರು. ಗುಲಾಮರು ಬೆಳೆದ ಹತ್ತಿ ಬೇಡವೆಂದು ಆ ಚೀಲಗಳಿಗೆ ಭಾರತದ ಬಟ್ಟೆಯನ್ನು ಬಳಸಿದರು. ‘ಗುಲಾಮರಿಂದ ತಯಾರಾಗದ ಈಸ್ಟ್ ಇಂಡಿಯಾ ಸಕ್ಕರೆ’ ಎಂಬ ಬರಹವಿದ್ದ ಪಿಂಗಾಣಿ ಪಾತ್ರೆಗಳು ಆಗ ಅನೇಕ ಮನೆಗಳ ಮೇಜಿನ ಮೇಲಿದ್ದವು. ಆದರೆ ಭಾರತದಲ್ಲಿ ದಾಸ್ಯವೇ ಇರಲಿಲ್ಲವೆಂದು ಇದರಿಂದ ತಿಳಿಯಬಾರದು. ಮಲಬಾರಿನ ಗದ್ದೆಗಳಲ್ಲಿ ಜೀತದಾಳುಗಳು ಮಾರಾಟದ ವಸ್ತುಗಳಾಗಿಯೇ ಇದ್ದರು. 1833ರ ಬ್ರಿಟಿಷ್ ಶಾಸನವು ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಹೊರಗಿಟ್ಟಿತು. ಗುಲಾಮತ್ವಕ್ಕೆ ಇಲ್ಲಿ ಕಾನೂನಿನ ಮಾನ್ಯತೆ ತಪ್ಪಿದ್ದು 1843ರ ಐದನೆಯ ಶಾಸನದಿಂದ.

ಮಹಿಳೆಯರ ಈ ಚಟುವಟಿಕೆ ಚಳವಳಿಯ ನಾಯಕರೆಲ್ಲರಿಗೂ ಹಿಡಿಸಲಿಲ್ಲ. ಸ್ವತಃ ವಿಲಿಯಂ ವಿಲ್ಬರ್‌ಫೋರ್ಸ್ ಅವರೇ, ಸ್ತ್ರೀಯರು ಸಭೆ ಸೇರುವುದು, ಮನೆಮನೆಗೆ ತಿರುಗಿ ಸಹಿ ಕೂಡಿಸುವುದು ಸ್ತ್ರೀಸ್ವಭಾವಕ್ಕೆ ಒಪ್ಪುವುದಿಲ್ಲವೆಂದು 1826ರಲ್ಲಿ ಪತ್ರ ಬರೆದರು. ಆದರೆ ಚಳವಳಿಯ ಖರ್ಚಿಗೆ ಮಹಿಳೆಯರ ಸಂಘಗಳ ವಂತಿಗೆ ಬೇಕೇ ಬೇಕಾಗಿತ್ತು. 1830ರ ಏಪ್ರಿಲಿನಲ್ಲಿ ಬರ್ಮಿಂಗ್‌ಹ್ಯಾಮಿನ ಸಂಘವು ಒಂದು ಠರಾವು ಮಾಡಿತು: ಕೇಂದ್ರ ಸಂಘವು ತನ್ನ ಹೆಸರಿನಿಂದ ‘ಕ್ರಮೇಣ’ ಎಂಬ ಪದವನ್ನು ತೆಗೆದರೆ ಮಾತ್ರ ವಾರ್ಷಿಕ 50 ಪೌಂಡುಗಳ ವಂತಿಗೆ ಸಲ್ಲುವುದು. ಮರುತಿಂಗಳೇ ಆ ಪದ ಬಿದ್ದುಹೋಯಿತು. ಹೇರಿಕ್ ಅವರ ಲೇಖನಿಯ ತರ್ಕವನ್ನು ಆರು ವರ್ಷ ಕೇಳಿಸಿಕೊಳ್ಳದವರು ಜಮಾಖರ್ಚಿನ ಪುಸ್ತಕದ ತರ್ಕವನ್ನು ಒಂದು ತಿಂಗಳಿನಲ್ಲಿ ಅರಿತುಕೊಂಡರು.

1833ರ ಮೇ ತಿಂಗಳಲ್ಲಿ ಸುಮಾರು 1,87,000 ಸ್ತ್ರೀಯರ ಸಹಿಯಿದ್ದ ಮನವಿಪತ್ರವು ಪಾರ್ಲಿಮೆಂಟಿಗೆ ಸಲ್ಲಿತು. ಅದೇ ವರ್ಷ ಗುಲಾಮಗಿರಿ ನಿರ್ಮೂಲನ ಶಾಸನ ಅಂಗೀಕಾರವಾಯಿತು. ಒಡೆಯರಿಗೆ 2 ಕೋಟಿ ಪೌಂಡುಗಳ ಪರಿಹಾರ ದೊರೆಯಿತು. ಗುಲಾಮರಿಗೆ ದೊರೆತುದು ‘ಶಿಷ್ಯವೃತ್ತಿ’ ಎಂಬ ಹೆಸರಿನ ಇನ್ನೊಂದು ಬಗೆಯ ದುಡಿಮೆ. ಅದೂ ಕೊನೆಗೊಂಡದ್ದು 1838ರಲ್ಲಿ. ಎರಡು ವರ್ಷ ಮೊದಲೇ ತೀರಿಕೊಂಡಿದ್ದ ಎಲಿಜಬೆತ್ ಹೇರಿಕ್ ಆ ಶಾಸನವನ್ನು ಕಾಣಲಿಲ್ಲ.

ಹತ್ತಿಯ ಲಾಭವನ್ನು ಬಿಟ್ಟ ಮನೆ

ಅಮೆರಿಕದಲ್ಲಿ ಈ ಕಾರ್ಯದ ಕೇಂದ್ರವಾಗಿದ್ದವರು ಲುಕ್ರೀಷಿಯಾ ಮಾಟ್ (1793–1880). ಅವರು ಹುಟ್ಟಿದ್ದು ನಾಂಟಕೆಟ್ ದ್ವೀಪದಲ್ಲಿ. ಅಲ್ಲಿನ ಗಂಡಸರು ತಿಮಿಂಗಿಲ ಬೇಟೆಗಾಗಿ ವರ್ಷಗಟ್ಟಲೆ ಕಡಲ ಮೇಲಿರುತ್ತಿದ್ದುದರಿಂದ ಮನೆ, ಅಂಗಡಿ, ವ್ಯವಹಾರಗಳನ್ನು ಹೆಂಗಸರೇ ನಡೆಸುತ್ತಿದ್ದರು. ಮುಂದೆ ನ್ಯೂಯಾರ್ಕ್ ಪ್ರಾಂತದ ಕ್ವೇಕರ್ ಶಾಲೆಯಲ್ಲಿ ಓದಿ ಅಲ್ಲಿಯೇ ಶಿಕ್ಷಕಿಯಾದಾಗ ಅವರ ಗಮನಕ್ಕೆ ಒಂದು ಸಂಗತಿ ಬಂದಿತು. ಹುಡುಗರಿಗೂ ಹುಡುಗಿಯರಿಗೂ ಶಾಲೆಯ ಶುಲ್ಕ ಒಂದೇ. ಆದರೆ ಶಿಕ್ಷಕಿಯರ ಸಂಬಳ ಶಿಕ್ಷಕರ ಸಂಬಳದ ಅರ್ಧದಷ್ಟು ಮಾತ್ರ. ಸಮಾನತೆಯನ್ನು ಸಾರುವ ಪಂಥದ ಶಾಲೆಯಲ್ಲಿಯೇ ಈ ಭೇದವಿತ್ತು. ಈ ಅನ್ಯಾಯ ಅವರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು.

1811ರಲ್ಲಿ ಅವರು ಅದೇ ಶಾಲೆಯ ಶಿಕ್ಷಕ ಜೇಮ್ಸ್ ಮಾಟ್ ಅವರನ್ನು ವಿವಾಹವಾದರು. ಜೇಮ್ಸ್ ಮುಂದೆ ಫಿಲಡೆಲ್ಫಿಯಾದಲ್ಲಿ ಹತ್ತಿಯ ವ್ಯಾಪಾರ ಹಿಡಿದು, ಬಹಳ ಕಷ್ಟದ ದಿನಗಳ ನಂತರ ಒಂದು ನೆಲೆಗೆ ಬಂದರು. ಆದರೆ ಆ ಹತ್ತಿಯನ್ನು ಬೆಳೆದವರು ದಕ್ಷಿಣದ ಗುಲಾಮರು. ಮನೆಯಲ್ಲಿ ಲುಕ್ರೀಷಿಯಾ ಗುಲಾಮರು ಬೆಳೆದ ಸಕ್ಕರೆಯನ್ನೂ ಹತ್ತಿಬಟ್ಟೆಯನ್ನೂ ತ್ಯಜಿಸಿದ್ದರು. ಅಡುಗೆಮನೆಯಲ್ಲಿ ತ್ಯಜಿಸಿದ್ದನ್ನು ಮಳಿಗೆಯಲ್ಲಿ ಮಾರುವುದು ಹೇಗೆ? ಬಹುಕಾಲದ ತೊಳಲಾಟದ ನಂತರ 1830ರ ಸುಮಾರಿಗೆ ಜೇಮ್ಸ್ ಲಾಭದಾಯಕವಾದ ಹತ್ತಿಯನ್ನು ಬಿಟ್ಟು ಉಣ್ಣೆಯ ವ್ಯಾಪಾರಕ್ಕೆ ತಿರುಗಿದರು. ಅದೇ ವರ್ಷ ಲಿಡಿಯಾ ವೈಟ್ ಎಂಬ ಕ್ವೇಕರ್ ಮಹಿಳೆ ಫಿಲಡೆಲ್ಫಿಯಾದಲ್ಲಿ, ಸ್ವತಂತ್ರ ಕೂಲಿಗಳು ಬೆಳೆದ ಪದಾರ್ಥಗಳನ್ನು ಮಾತ್ರ ಮಾರುವ ಅಂಗಡಿಯನ್ನು ತೆರೆದರು. ಅಂಥ ಸರಕು ದುಬಾರಿ, ಗುಣಮಟ್ಟವೂ ಕೆಲವೊಮ್ಮೆ ಸಾಲದು, ಬೇಕಾದಷ್ಟು ದೊರೆಯುತ್ತಲೂ ಇರಲಿಲ್ಲ. ಗುಲಾಮರ ಒಡೆಯರ ಆದಾಯಕ್ಕೆ ಇದರಿಂದ ದೊಡ್ಡ ಪೆಟ್ಟೇನೂ ಬೀಳಲಿಲ್ಲ. ಆದರೆ ಕೊಳ್ಳುವವನ ಮನಸ್ಸನ್ನು ಪದಾರ್ಥದ ಮೂಲದವರೆಗೆ ಕೊಂಡೊಯ್ದ ಶಿಕ್ಷಣ ಇದರಿಂದ ದೊರೆಯಿತು.

ಆರಂಭದಲ್ಲಿ ಹೇಳಿದ 1833ರ ಸಭೆ ಇದರ ಮುಂದಿನ ಹೆಜ್ಜೆ. ಅದಕ್ಕೆ ಕೆಲವೇ ದಿನಗಳ ಮೊದಲು ಅದೇ ನಗರದಲ್ಲಿ ಅಮೆರಿಕದ ಗುಲಾಮಗಿರಿ ವಿರೋಧಿ ಸಂಘ ಸ್ಥಾಪಿತವಾಗಿತ್ತು. ಲುಕ್ರೀಷಿಯಾ ಅಲ್ಲಿ ಮಾತನಾಡಿ ಘೋಷಣಾಪತ್ರದ ವಾಕ್ಯಗಳನ್ನು ತಿದ್ದಲು ಸಲಹೆಯನ್ನೂ ಕೊಟ್ಟರು; ಆದರೆ ಸಹಿ ಹಾಕುವಂತೆ ಅವರನ್ನಾಗಲಿ ಅಲ್ಲಿದ್ದ ಬೇರೆ ಸ್ತ್ರೀಯರನ್ನಾಗಲಿ ಯಾರೂ ಕೇಳಲಿಲ್ಲ. ಆಗ ಮಹಿಳೆಯರು ತಮ್ಮದೇ ಸಂಘ ಕಟ್ಟಿದರು. ವರ್ಷಕ್ಕೊಮ್ಮೆ ಕೈಕಸುಬಿನ ವಸ್ತುಗಳ ಜಾತ್ರೆ ನಡೆಸಿ ಹಣ ಕೂಡಿಸಿದರು, ಸಾವಿರಾರು ಸಹಿಗಳ ಮನವಿಗಳನ್ನು ಸಂಗ್ರಹಿಸಿದರು, ಕಪ್ಪು ಮಕ್ಕಳ ಶಾಲೆಗೆ ನೆರವಾದರು. ಪೀಠವೇರಲು ಹೆದರಿದವರೇ ಮೂವತ್ತಾರು ವರ್ಷ ಸಂಸ್ಥೆಯನ್ನು ನಡೆಸಿದರು.

ಗ್ರಿಮ್ಕೆ ಸಹೋದರಿಯರು

ಸಾರಾ ಗ್ರಿಮ್ಕೆ (1792–1873) ಮತ್ತು ಏಂಜಲಿನಾ ಗ್ರಿಮ್ಕೆ (1805–1879) ದಕ್ಷಿಣದ ಚಾರ್ಲ್ಸ್‌ಟನ್ ನಗರದ ಶ್ರೀಮಂತ ನ್ಯಾಯಾಧೀಶರೊಬ್ಬರ ಪುತ್ರಿಯರು. ಮನೆಯಲ್ಲಿ ಅನೇಕ ಗುಲಾಮರಿದ್ದರು. ಬಾಲಕಿ ಸಾರಾ ತನ್ನ ಸೇವಕಿಗೆ ಕಾನೂನನ್ನು ಮೀರಿ ರಾತ್ರಿವೇಳೆ ಗುಟ್ಟಾಗಿ ಅಕ್ಷರ ಕಲಿಸಿ ಸಿಕ್ಕಿಬಿದ್ದಳು. ಅಣ್ಣನಂತೆ ನ್ಯಾಯಶಾಸ್ತ್ರ ಓದುವ ಆಸೆಯೂ ಹುಡುಗಿಯೆಂಬ ಕಾರಣದಿಂದ ಈಡೇರಲಿಲ್ಲ. 1821ರಲ್ಲಿ ಸಾರಾ, 1829ರಲ್ಲಿ ಏಂಜಲಿನಾ ಊರನ್ನು ತೊರೆದು ಫಿಲಡೆಲ್ಫಿಯಾಕ್ಕೆ ಬಂದು ಕ್ವೇಕರರಾದರು.

1836ರಲ್ಲಿ ಏಂಜಲಿನಾ ದಕ್ಷಿಣದ ಸ್ತ್ರೀಯರಿಗೆ ಬರೆದ ವಿಜ್ಞಾಪನೆಯ ಪ್ರತಿಗಳನ್ನು ಚಾರ್ಲ್ಸ್‌ಟನ್ನಿನಲ್ಲಿ ಸುಟ್ಟುಹಾಕಲಾಯಿತು. ಹುಟ್ಟೂರಿಗೆ ಕಾಲಿಡಬಾರದೆಂಬ ಎಚ್ಚರಿಕೆಯೂ ಬಂದಿತು. 1837ರಲ್ಲಿ ಸಹೋದರಿಯರಿಬ್ಬರೂ ಮ್ಯಾಸಚೂಸೆಟ್ಸ್ ಪ್ರಾಂತದ ಊರೂರುಗಳಲ್ಲಿ ಭಾಷಣ ಮಾಡತೊಡಗಿದಾಗ ಸ್ತ್ರೀಯರ ಜೊತೆಗೆ ಪುರುಷರೂ ಬಂದು ಕುಳಿತು ಕೇಳಿದರು. ಗುಲಾಮಗಿರಿಯನ್ನು ಕುರಿತು ಮೌನವಾಗಿದ್ದ ಪಾದ್ರಿಗಳ ಸಂಘವು, ಸ್ತ್ರೀಯೊಬ್ಬಳು ಪುರುಷರೆದುರು ಮಾತನಾಡುವುದನ್ನು ಮಾತ್ರ ಸಹಿಸದೆ ಬಹಿರಂಗ ಪತ್ರದ ಮೂಲಕ ಖಂಡಿಸಿತು. ಇದಕ್ಕೆ ಉತ್ತರವಾಗಿ ಸಾರಾ ಬರೆದ, ಸ್ತ್ರೀಪುರುಷ ಸಮಾನತೆಯನ್ನು ಕುರಿತ ಪತ್ರಗಳು 1838ರಲ್ಲಿ ಪುಸ್ತಕರೂಪದಲ್ಲಿ ಬಂದವು. ನೈತಿಕ ಹೊಣೆ ಆತ್ಮಕ್ಕೆ ಸಂಬಂಧಿಸಿದ್ದು, ಪುರುಷನಿಗೆ ಧರ್ಮವಾದುದು ಸ್ತ್ರೀಗೆ ಅಧರ್ಮವಾಗಲಾರದು ಎಂಬುದು ಅವುಗಳ ಸಾರ. 1838ರ ಫೆಬ್ರವರಿ 21ರಂದು ಏಂಜಲಿನಾ ಮ್ಯಾಸಚೂಸೆಟ್ಸ್ ಶಾಸನಸಭೆಯ ಸಮಿತಿಯೆದುರು ಮಾತನಾಡಿದರು. ಅಮೆರಿಕದ ಶಾಸನಸಭೆಯೊಂದರಲ್ಲಿ ಹೀಗೆ ಮಾತನಾಡಿದ ಮೊದಲ ಮಹಿಳೆ ಅವರೇ.

ಅದೇ ವರ್ಷ ಫಿಲಡೆಲ್ಫಿಯಾದಲ್ಲಿ ಮುಕ್ತ ಚರ್ಚೆಗಾಗಿ ಪೆನ್ಸಿಲ್ವೇನಿಯಾ ಹಾಲ್ ಎಂಬ ಭವ್ಯ ಸಭಾಭವನ ನಿರ್ಮಾಣವಾಯಿತು. ಅದು ತೆರೆದ ದಿನವಾದ ಮೇ 14ರಂದೇ ಏಂಜಲಿನಾ ಅವರು ಚಳವಳಿಯ ನಾಯಕ ಥಿಯೋಡರ್ ವೆಲ್ಡ್ ಅವರನ್ನು ವಿವಾಹವಾದರು. ಮದುವೆಯ ಸಿಹಿಯನ್ನು ಕಪ್ಪುವರ್ಣದ ಬಾಣಸಿಗರೊಬ್ಬರು ಗುಲಾಮರು ತಯಾರಿಸದ ಸಕ್ಕರೆಯಿಂದಲೇ ಮಾಡಿದ್ದರು. ಎರಡು ದಿನಗಳ ಮೇಲೆ ನವವಧು ಆ ಭವನದಲ್ಲಿ ಭಾಷಣ ಮಾಡುತ್ತಿದ್ದಾಗ ಹೊರಗೆ ಸೇರಿದ್ದ ಗುಂಪು ಕಿಟಕಿಗಳಿಗೆ ಕಲ್ಲೆಸೆಯಿತು. ಅವರು ಮಾತು ನಿಲ್ಲಿಸಲಿಲ್ಲ. ಅದೇ ರಾತ್ರಿ ಏಬಿ ಕೆಲ್ಲಿ ಎಂಬ ಕ್ವೇಕರ್ ಶಿಕ್ಷಕಿಯೂ ಮೊದಲ ಬಾರಿಗೆ ಸಾರ್ವಜನಿಕ ಸಭೆಯಲ್ಲಿ ಮಾತನಾಡಿದರು. ಕಪ್ಪು ಸ್ತ್ರೀಯರನ್ನು ಸಭೆಯಿಂದ ದೂರವಿರಿಸಿದರೆ ಗಲಭೆ ಶಾಂತವಾದೀತೆಂಬ ಸಲಹೆ ಬಂದಾಗ ಮಹಿಳೆಯರು ಒಪ್ಪಲಿಲ್ಲ. ಕಪ್ಪು ಬಿಳಿ ಸ್ತ್ರೀಯರು ಕೈಕೈ ಹಿಡಿದು ಗುಂಪಿನ ನಡುವೆಯೇ ನಡೆದುಹೋದರು. ಮೇ 17ರ ರಾತ್ರಿ ಗುಂಪು ಆ ಭವನಕ್ಕೆ ಬೆಂಕಿಯಿಟ್ಟಿತು. ಅಗ್ನಿಶಾಮಕರು ಅಕ್ಕಪಕ್ಕದ ಕಟ್ಟಡಗಳಿಗೆ ಮಾತ್ರ ನೀರೆರೆದರು. ತೆರೆದ ನಾಲ್ಕನೆಯ ದಿನವೇ ಭವನ ಬೂದಿಯಾಯಿತು. ಮರುದಿನ ಮಹಿಳೆಯರು ಸಾರಾ ಪ್ಯೂ ಎಂಬವರ ಶಾಲೆಯಲ್ಲಿ ಸೇರಿ ಉಳಿದ ಕಾರ್ಯಕಲಾಪಗಳನ್ನು ಪೂರೈಸಿದರು.

ಈ ಧೈರ್ಯಕ್ಕೆ ಅವರ ಪಂಥ ಕೊಟ್ಟ ಮನ್ನಣೆ ಏನು? ಪಂಥದ ಹೊರಗೆ ವಿವಾಹವಾದುದಕ್ಕಾಗಿ ಏಂಜಲಿನಾ ಅವರನ್ನೂ, ಆ ವಿವಾಹದಲ್ಲಿ ಹಾಜರಿದ್ದುದಕ್ಕಾಗಿ ಸಾರಾ ಅವರನ್ನೂ ಸದಸ್ಯತ್ವದಿಂದ ಹೊರಹಾಕಲಾಯಿತು.

ಹಿಂದಿನ ಬೆಂಚು

ಗ್ರಿಮ್ಕೆ ಸಹೋದರಿಯರಿಗೂ ಪಂಥಕ್ಕೂ ನಡುವೆ ಬಿರುಕು ಅದಕ್ಕೂ ಮೊದಲೇ ಬಿದ್ದಿತ್ತು. ಫಿಲಡೆಲ್ಫಿಯಾದ ಕ್ವೇಕರ್ ಪ್ರಾರ್ಥನಾಗೃಹದಲ್ಲಿ ಕಪ್ಪುಜನರಿಗೆಂದು ಪ್ರತ್ಯೇಕ ಬೆಂಚೊಂದಿತ್ತು. ಗ್ರೇಸ್ ಡಗ್ಲಸ್ ಹಾಗೂ ಅವರ ಮಗಳು ಸಾರಾ ಮ್ಯಾಪ್ಸ್ ಡಗ್ಲಸ್ (1806–1882) ಕ್ವೇಕರ್ ಉಪಾಸನೆಯಲ್ಲಿ ಶ್ರದ್ಧೆಯುಳ್ಳವರು. ಸರಳ ಉಡುಗೆ, ಮೌನಪ್ರಾರ್ಥನೆ ಎಲ್ಲವನ್ನೂ ಪಾಲಿಸುತ್ತಿದ್ದವರು. ಆದರೆ ಅವರು ಕೂರಬೇಕಾದುದು ಆ ಬೆಂಚಿನ ಮೇಲೆಯೇ. ತಾಯಿ ಸದಸ್ಯತ್ವಕ್ಕೆ ಅರ್ಜಿ ಹಾಕಬೇಕೆಂದಾಗ, ವರ್ಣದ ಕಾರಣದಿಂದ ಅದು ನಿರಾಕೃತವಾಗುವುದೆಂದು ಹಿತೈಷಿಗಳೇ ತಡೆದರು. ಗುಲಾಮರನ್ನು ಬಿಡುಗಡೆ ಮಾಡಿದ ಸಮಾಜವು ಬಿಡುಗಡೆಯಾದವರನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಳ್ಳಲು ಸಿದ್ಧವಿರಲಿಲ್ಲ.

ಗ್ರಿಮ್ಕೆ ಸಹೋದರಿಯರು ಈ ಭೇದವನ್ನು ವಿರೋಧಿಸಿ, ಹಿರಿಯರ ಅಸಮಾಧಾನವನ್ನು ಲೆಕ್ಕಿಸದೆ ತಾವೂ ಹೋಗಿ ಅದೇ ಬೆಂಚಿನ ಮೇಲೆ ಕುಳಿತುಕೊಂಡರು. ಬಾಲ್ಯದಿಂದ ತಾವು ಅನುಭವಿಸಿದ ಅವಮಾನವನ್ನು ಸಾರಾ ಡಗ್ಲಸ್ ಪತ್ರಗಳಲ್ಲಿ ಬರೆದಿಟ್ಟಿದ್ದಾರೆ. ಅವರು ದೀರ್ಘಕಾಲ ಶಿಕ್ಷಕಿಯಾಗಿದ್ದು ಕಪ್ಪು ಹುಡುಗಿಯರಿಗೆ ವಿದ್ಯೆ ಕಲಿಸಿದರು. ಫಿಲಡೆಲ್ಫಿಯಾದ ಮಹಿಳಾ ಸಂಘದಲ್ಲಿ ಕಡೆಯವರೆಗೂ ದುಡಿದರು. ಒಂದು ಸಮಾಜದ ನೀತಿಯನ್ನು ಅದರ ಘೋಷಣೆಗಳಿಂದ ಅಳೆಯುವುದಕ್ಕಿಂತ ಅದರ ಆಸನಗಳ ಕ್ರಮದಿಂದ ಅಳೆಯುವುದು ಹೆಚ್ಚು ಸರಿಯೆಂಬುದಕ್ಕೆ ಈ ಬೆಂಚೇ ಸಾಕ್ಷಿ.

ಲಂಡನ್ನಿನ ತೆರೆ

1840ರ ಜೂನ್ 12ರಂದು ಲಂಡನ್ನಿನಲ್ಲಿ ವಿಶ್ವ ಗುಲಾಮಗಿರಿ ವಿರೋಧಿ ಸಮ್ಮೇಳನ ಆರಂಭವಾಯಿತು. ಅದನ್ನು ಏರ್ಪಡಿಸಿದ್ದ ಸಂಘದ ಮುಖ್ಯರಲ್ಲೊಬ್ಬರಾದ ಜೋಸೆಫ್ ಸ್ಟರ್ಜ್ ಸ್ವತಃ ಕ್ವೇಕರ್. ಅಮೆರಿಕದಿಂದ ಲುಕ್ರೀಷಿಯಾ ಮಾಟ್, ಸಾರಾ ಪ್ಯೂ, ಮೇರಿ ಗ್ರ್ಯೂ ಮೊದಲಾದ ಮಹಿಳೆಯರು ತಮ್ಮ ಸಂಘಗಳ ಪ್ರತಿನಿಧಿಗಳಾಗಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಬಂದಿದ್ದರು. ಮೊದಲ ದಿನದ ಕಲಾಪವೆಲ್ಲ, ಸ್ತ್ರೀಯರನ್ನು ಪ್ರತಿನಿಧಿಗಳೆಂದು ಒಪ್ಪಬೇಕೇ ಎಂಬ ಚರ್ಚೆಯಲ್ಲಿ ಕಳೆಯಿತು. ಆ ಚರ್ಚೆಯಲ್ಲಿ ಮಾತನಾಡಲು ಸ್ತ್ರೀಯರಿಗೇ ಅವಕಾಶವಿರಲಿಲ್ಲ. ಬಹುಮತದಿಂದ ನಿರಾಕರಣೆಯಾಗಿ ಅವರು ಒಂದು ಪಕ್ಕದಲ್ಲಿ, ತೆರೆಯ ಹಿಂದೆ ಪ್ರೇಕ್ಷಕರಾಗಿ ಕುಳಿತರು. ಕೆಲವು ದಿನ ತಡವಾಗಿ ಬಂದ ವಿಲಿಯಂ ಲಾಯ್ಡ್ ಗ್ಯಾರಿಸನ್ ತಮ್ಮ ಪೀಠವನ್ನು ಸ್ವೀಕರಿಸದೆ ಸ್ತ್ರೀಯರೊಡನೆಯೇ ಕುಳಿತರು. ಇದರ ಜೊತೆಗೆ ಇನ್ನೊಂದು ಕಹಿಯೂ ಇತ್ತು. 1827ರಲ್ಲಿ ಅಮೆರಿಕದ ಕ್ವೇಕರರು ಎರಡು ಪಂಗಡಗಳಾಗಿ ಒಡೆದಿದ್ದರು; ಮಾಟ್ ಬೇರೆ ಪಂಗಡದವರೆಂಬ ಕಾರಣಕ್ಕೆ ಲಂಡನ್ನಿನ ಅನೇಕ ಕ್ವೇಕರರು ಅವರನ್ನು ತಮ್ಮವರೆಂದು ಎಣಿಸಲಿಲ್ಲ.

ಆದರೆ ಬೀಜಗಳು ಬಿದ್ದದ್ದು ಅಲ್ಲಿಯೇ. ಪ್ರತಿನಿಧಿಯೊಬ್ಬರ ಪತ್ನಿಯಾಗಿ ಬಂದಿದ್ದ ಎಲಿಜಬೆತ್ ಕೇಡಿ ಸ್ಟಾಂಟನ್ ಎಂಬ ತರುಣಿಗೆ ಮಾಟ್ ಅವರ ಸ್ನೇಹ ದೊರೆಯಿತು. ಚೆಲ್ಮ್ಸ್‌ಫರ್ಡಿನ ಕ್ವೇಕರ್ ಮಹಿಳೆ ಆನ್ ನೈಟ್ (1786–1862) ಈ ಅನ್ಯಾಯದಿಂದ ಕೆರಳಿ, ಮುಂದೆ 1847ರಲ್ಲಿ ಸ್ತ್ರೀಯರ ಮತಾಧಿಕಾರವನ್ನು ಪ್ರತಿಪಾದಿಸುವ ಕರಪತ್ರ ಹೊರಡಿಸಿದರು. ಡಾರ್ಲಿಂಗ್‌ಟನ್ನಿನ ಎಲಿಜಬೆತ್ ಪೀಸ್ (1807–1897) ಅಮೆರಿಕದ ಸಹೋದರಿಯರಿಗೆ ಬೆಂಬಲವಾಗಿ ನಿಂತರು. ಅವರ ತಂದೆ ಜೋಸೆಫ್ ಪೀಸ್ 1839ರಲ್ಲಿ ಬ್ರಿಟಿಷ್ ಇಂಡಿಯಾ ಸೊಸೈಟಿಯ ಸ್ಥಾಪನೆಯಲ್ಲಿ ಮುಂದಾಗಿದ್ದವರು. ಭಾರತದ ರೈತನಿಗೆ ನ್ಯಾಯ ದೊರೆತರೆ ಅವನು ಬೆಳೆದ ಹತ್ತಿಯೇ ಅಮೆರಿಕದ ಗುಲಾಮರ ಹತ್ತಿಯನ್ನು ಪೇಟೆಯಿಂದ ಹೊರದೂಡುವುದೆಂದು ಆ ಸೊಸೈಟಿ ವಾದಿಸಿತು. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಬಾರದಂತಾದಾಗ ನಮ್ಮ ಧಾರವಾಡ ಪ್ರಾಂತದ ಹತ್ತಿಗೂ ಬೇಡಿಕೆ ಏರಿತು. ಆದರೆ ಅದು ಯುದ್ಧದ ಪರಿಣಾಮ, ವ್ರತದ ಫಲವಲ್ಲ. ಎಲಿಜಬೆತ್ ಪೀಸ್ ಕೂಡ ಪಂಥದ ಹೊರಗೆ ವಿವಾಹವಾದುದಕ್ಕಾಗಿ 1853ರಲ್ಲಿ ಸದಸ್ಯತ್ವ ಕಳೆದುಕೊಂಡರು.

ಅಧ್ಯಕ್ಷಪೀಠ

1848ರ ಜುಲೈ 9ರಂದು ನ್ಯೂಯಾರ್ಕ್ ಪ್ರಾಂತದ ವಾಟರ್‌ಲೂ ಎಂಬ ಊರಿನ ಜೇನ್ ಹಂಟ್ ಅವರ ಮನೆಯಲ್ಲಿ ಐವರು ಮಹಿಳೆಯರು ಚಹಕ್ಕೆ ಸೇರಿದರು: ಜೇನ್ ಹಂಟ್, ಲುಕ್ರೀಷಿಯಾ ಮಾಟ್, ಅವರ ತಂಗಿ ಮಾರ್ತಾ ರೈಟ್, ಮೇರಿ ಆನ್ ಮೆಕ್ಲಿಂಟಾಕ್ ಮತ್ತು ಸ್ಟಾಂಟನ್. ಸ್ಟಾಂಟನ್ ಒಬ್ಬರನ್ನು ಬಿಟ್ಟರೆ ಉಳಿದ ನಾಲ್ವರೂ ಕ್ವೇಕರ್ ಮನೆತನಗಳಲ್ಲಿ ಬೆಳೆದವರು. ಅಲ್ಲಿ ಮಾಡಿದ ನಿಶ್ಚಯದಂತೆ ಜುಲೈ 19 ಮತ್ತು 20ರಂದು ಸೆನೆಕಾ ಫಾಲ್ಸ್ ಎಂಬ ಊರಿನಲ್ಲಿ ಸ್ತ್ರೀಯರ ಹಕ್ಕುಗಳ ಮೊದಲ ಸಮ್ಮೇಳನ ನಡೆಯಿತು. ಸುಮಾರು 300 ಜನ ಸೇರಿದ್ದರು. ಸ್ತ್ರೀಯರಿಗೆ ಮತಾಧಿಕಾರ ಬೇಕೆಂಬ ಠರಾವು ವಿವಾದಕ್ಕೆ ಗುರಿಯಾಯಿತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ನಾಯಕರಾಗಿದ್ದ ಫ್ರೆಡರಿಕ್ ಡಗ್ಲಸ್ ಅದನ್ನು ಬೆಂಬಲಿಸಿ ಮಾತನಾಡಿದರು. ಘೋಷಣಾಪತ್ರಕ್ಕೆ 68 ಸ್ತ್ರೀಯರೂ 32 ಪುರುಷರೂ ಸಹಿ ಹಾಕಿದರು. ಹದಿನೈದು ವರ್ಷಗಳ ಹಿಂದೆ ಸಹಿ ಹಾಕಲು ಯಾರೂ ಕರೆಯದಿದ್ದ ಲುಕ್ರೀಷಿಯಾ ಮಾಟ್ ಅವರ ಹೆಸರು ಇಲ್ಲಿ ಮೊದಲನೆಯದು. ಆದರೆ ಇಲ್ಲಿಯೂ ಪೀಠದಲ್ಲಿ ಸ್ತ್ರೀಯರು ಕೂರಲಿಲ್ಲ. ಆ ಸ್ಥಾನವನ್ನು ಜೇಮ್ಸ್ ಮಾಟ್ ವಹಿಸಿದರು.

ಎರಡು ವಾರಗಳ ನಂತರ, ಆಗಸ್ಟ್ 2ರಂದು ರಾಚೆಸ್ಟರ್ ನಗರದಲ್ಲಿ ಎರಡನೆಯ ಸಮ್ಮೇಳನ ಸೇರಿತು. ಕ್ವೇಕರ್ ಮನೆತನದ ಏಮಿ ಪೋಸ್ಟ್ ಮೊದಲಾದವರು ಸ್ತ್ರೀಯೇ ಅಧ್ಯಕ್ಷೆಯಾಗಬೇಕೆಂದು ನಿಶ್ಚಯಿಸಿ ಅಬಿಗೇಲ್ ಬುಷ್ ಅವರ ಹೆಸರನ್ನು ಸೂಚಿಸಿದರು. ಇದು ಅತಿಸಾಹಸವೆಂದು ವಿರೋಧಿಸಿದವರು ಯಾರು? ಲುಕ್ರೀಷಿಯಾ ಮಾಟ್ ಮತ್ತು ಎಲಿಜಬೆತ್ ಸ್ಟಾಂಟನ್! ಕಲ್ಲೇಟಿಗೂ ಬೆಂಕಿಗೂ ಅಂಜದವರನ್ನು ಹಳೆಯ ಅಭ್ಯಾಸವು ಅಂಜಿಸಿತು. ಆದರೂ ಅಬಿಗೇಲ್ ಬುಷ್ ಪೀಠದಲ್ಲಿ ಕುಳಿತು ಸಭೆಯನ್ನು ಸಮರ್ಥವಾಗಿ ನಡೆಸಿದರು. ಸಭೆ ಮುಗಿದಾಗ ಮಾಟ್ ಅವರೇ ಆಕೆಯನ್ನು ಅಪ್ಪಿಕೊಂಡು ಅಭಿನಂದಿಸಿದರು. ತಮ್ಮ ಅಂಜಿಕೆ ತಪ್ಪಾಗಿತ್ತೆಂದು ತೋರಿಸಿಕೊಳ್ಳಲು ನಾಚದಿರುವುದೂ ಒಂದು ದೊಡ್ಡತನವೇ.

ಉಪಸಂಹಾರ

1865ರಲ್ಲಿ ಅಮೆರಿಕದ ಸಂವಿಧಾನದ ಹದಿಮೂರನೆಯ ತಿದ್ದುಪಡಿ ಗುಲಾಮಗಿರಿಯನ್ನು ಅಳಿಸಿತು. 1870ರಲ್ಲಿ ಹದಿನೈದನೆಯ ತಿದ್ದುಪಡಿಯಿಂದ ಕಪ್ಪು ಪುರುಷರಿಗೆ ಮತಾಧಿಕಾರ ದೊರೆತಾಗ ಫಿಲಡೆಲ್ಫಿಯಾದ ಮಹಿಳಾ ಸಂಘವು ತನ್ನ ಕಾರ್ಯ ಮುಗಿಯಿತೆಂದು ವಿಸರ್ಜನೆಯಾಯಿತು. ಆ ತಿದ್ದುಪಡಿಯಲ್ಲಿ ಸ್ತ್ರೀಯರ ಮಾತಿರಲಿಲ್ಲ. ಅದು ಬಂದದ್ದು 1920ರ ಹತ್ತೊಂಬತ್ತನೆಯ ತಿದ್ದುಪಡಿಯಲ್ಲಿ. ಸೆನೆಕಾ ಫಾಲ್ಸಿನಲ್ಲಿ ಸಹಿ ಹಾಕಿದ 68 ಸ್ತ್ರೀಯರಲ್ಲಿ ಆಗ ಬದುಕಿದ್ದವರು ಒಬ್ಬರೇ, ಷಾರ್ಲೆಟ್ ವುಡ್‌ವರ್ಡ್. ಇಂಗ್ಲೆಂಡಿನಲ್ಲಿ ಸ್ತ್ರೀಪುರುಷರಿಗೆ ಸಮಾನ ಮತಾಧಿಕಾರ ಬಂದದ್ದು 1928ರಲ್ಲಿ. ಲಂಡನ್ನಿನ ಕ್ವೇಕರ್ ವಾರ್ಷಿಕ ಸಭೆಯು ಸ್ತ್ರೀಯರನ್ನು ಆಡಳಿತದಲ್ಲಿ ಪೂರ್ಣ ಭಾಗಿಗಳೆಂದು ಒಪ್ಪಿದ್ದು 1896ರಲ್ಲಿ. ಮಾರ್ಗರೆಟ್ ಫೆಲ್ ಅವರ ಗ್ರಂಥಕ್ಕೆ ಆಗ 230 ವರ್ಷ ತುಂಬಿತ್ತು.

ತತ್ತ್ವವು ಶುದ್ಧವಾಗಿದ್ದರೆ ಆಚರಣೆ ತಾನಾಗಿ ಶುದ್ಧವಾಗುವುದೆಂಬ ನಂಬಿಕೆಯನ್ನು ಈ ಇತಿಹಾಸ ಸುಳ್ಳಾಗಿಸುತ್ತದೆ. ಎಲ್ಲರಲ್ಲಿಯೂ ಒಂದೇ ಜ್ಯೋತಿಯಿದೆಯೆಂದ ಪಂಥವು ಹಿಂದಿನ ಬೆಂಚನ್ನು ಉಳಿಸಿಕೊಂಡಿತು, ಶಿಕ್ಷಕಿಗೆ ಅರ್ಧ ಸಂಬಳ ಕೊಟ್ಟಿತು, ತನ್ನ ತತ್ತ್ವವನ್ನು ಪೂರ್ಣವಾಗಿ ನಡೆಸಿದ ಮಗಳನ್ನು ಮದುವೆಯ ನಿಯಮದ ಹೆಸರಿನಲ್ಲಿ ಹೊರಗೆ ಕಳುಹಿಸಿತು. ಆದರೆ ಅದೇ ಪಂಥವೇ ಆ ಹೆಣ್ಣುಮಕ್ಕಳಿಗೆ ಓದು ಕಲಿಸಿತ್ತು, ನಿಂತು ಮಾತನಾಡುವ ಧೈರ್ಯ ಕೊಟ್ಟಿತ್ತು, ಮನಸ್ಸಾಕ್ಷಿಯೇ ಹಿರಿದೆಂದು ಹೇಳಿಕೊಟ್ಟಿತ್ತು. ಅವರು ಹೊಸ ಧರ್ಮವನ್ನೇನೂ ಕಂಡುಹಿಡಿಯಲಿಲ್ಲ. ಹಿರಿಯರು ಹೇಳಿಕೊಟ್ಟ ಮಾತನ್ನು ಹಿರಿಯರಿಗೇ ನೆನಪಿಸಿದರು. ಮನೆಯ ಸಕ್ಕರೆಯಿಂದ ಮೊದಲುಮಾಡಿ, ಅಂಗಡಿಯ ಹತ್ತಿಗೆ, ಪ್ರಾರ್ಥನಾಗೃಹದ ಬೆಂಚಿಗೆ, ಕೊನೆಗೆ ಸಭೆಯ ಪೀಠಕ್ಕೆ ಅದೇ ಒಂದು ಪ್ರಶ್ನೆಯನ್ನು ಕೇಳುತ್ತ ಹೋದರು. ಧರ್ಮಸಂಸ್ಥೆಗಳನ್ನು ನಡೆಸುವವರು ಇಂಥ ನೆನಪಿಸುವಿಕೆಯನ್ನು ಅವಿಧೇಯತೆಯೆಂದು ತಿಳಿದು ದೂರವಿಡುವರೋ, ತಮ್ಮ ತತ್ತ್ವದ ಫಲವೆಂದು ತಿಳಿದು ಪಕ್ಕದಲ್ಲಿ ಕೂರಿಸಿಕೊಳ್ಳುವರೋ ಎಂಬುದರ ಮೇಲೆ ಆ ಸಂಸ್ಥೆಗಳ ಹಿರಿಮೆ ನಿಂತಿರುತ್ತದೆ.